ಹೊಲಿಗೆಯೊಳಗೆ ಬಿಟ್ಟಿದ್ದ ಬಟ್ಟೆ

ಸ್ಕಾರ್ವಿಕ, ಫೆಬ್ರವರಿ 9

ಪ್ರೀತಿಯ ಈದುನ್‌ಗೆ,

ನಿನ್ನ ಸೋದರಮಾವ ಹಾಲ್ವರ್ ಬರೆಯುವುದೇನೆಂದರೆ, ನಾನು ಕ್ಷೇಮ, ಕುರಿಗಳೂ ಕ್ಷೇಮ. ಕಾಗದದ ಮೇಲೆ, ಅಂಚೆಚೀಟಿ ಅಂಟಿಸಿ ಬರೆಯುತ್ತಿದ್ದೇನೆ. ಯಾಕೆಂದರೆ ಫೋನಿನಲ್ಲಿ ನೀನು ಇಲ್ಲ. ಮೊನ್ನೆ ಇದ್ದೆ. ನಿನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ನಿನ್ನ ಹೆಸರು ಒತ್ತಿದರೆ ಅಂಥವರು ಯಾರೂ ಇಲ್ಲ ಎನ್ನುತ್ತದೆ. ಫೋನು ಕೆಟ್ಟಿರಬೇಕೆಂದು ದೋಣಿಕಟ್ಟೆಯ ಅಂಗಡಿಗೆ ಒಯ್ದೆ. ಆಸ್ಲೌಗ್ ಗಲ್ಲಾದ ಹಿಂದಿನಿಂದಲೇ ನೋಡಿ ಅಂದಳು:

"ಫೋನು ಕೆಟ್ಟಿಲ್ಲ ಕಣಯ್ಯ, ನೀನು ಕೆಟ್ಟಿದೀಯ. ಹುಡುಗಿ ನಿನ್ನ ಮುಖಕ್ಕೆ ಬಾಗಿಲು ಹಾಕಿದಾಳೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬಾಗಿಲು ಎಂಬ ಮಾತಿಗೇ ಒಂದು ಪಾಲು ಹೆಚ್ಚಾಗಿ ನಕ್ಕರು.

ನಾನು ಮಾಡಿದ್ದಾದರೂ ಏನು? ಬೆರ್ಗೆನ್‌ನ ನಿನ್ನ ಮನೆಯ ಬಾಗಿಲಿಗೆ ಆನಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಹಸಿರು ಲಂಗದಲ್ಲಿ ತೆಗೆಸಿಕೊಂಡ ಫೋಟೋ ನೀನು ಹಾಕಿದ್ದೆ. ಅದರ ಕೆಳಗೆ ನಾನು ಬರೆದದ್ದು ಇಷ್ಟೇ: "ಚೆಂದ ಇದ್ದೀಯ ಮಗಳೇ. ಆದರೆ ಆ ಚೌಕಟ್ಟು ಮಾಡಿದ ಬಡಗಿ ಯಾರು? ನಿನ್ನ ಸೊಂಟದ ಹತ್ತಿರ ಬಿಲ್ಲಿನ ಹಾಗೆ ಬಾಗಿದೆಯಲ್ಲ! ಕುಡಿದು ಉಳಿ ಹಿಡಿದಿದ್ದಾನೆ ಬಡ್ಡೀಮಗ." ಇದರಲ್ಲಿ ತಪ್ಪೇನಿದೆ? ಈ ಕೊಲ್ಲಿಯ ಎರಡೂ ದಂಡೆಯಲ್ಲಿ ಬಾಗಿಲು ಕೂರಿಸುವುದರಲ್ಲಿ ನನ್ನನ್ನು ಮೀರಿಸಿದವರು ಹುಟ್ಟಿಲ್ಲ. ಪಾದ್ರಿಯ ಮನೆಯ ಬಾಗಿಲು ನಾನು ಕೂರಿಸಿದ್ದು. ಇವತ್ತಿಗೂ ಒಂದು ಬೆರಳು ತಾಗಿಸಿದರೆ ಸಾಕು, ಸದ್ದಿಲ್ಲದೆ ತೆರೆದುಕೊಳ್ಳುತ್ತದೆ. ಸೊಟ್ಟ ಬಾಗಿಲು ಕಂಡರೆ ಸುಮ್ಮನಿರು ಎಂದರೆ ನನ್ನಿಂದಾಗದು.

ಇನ್ನೊಂದು ಮಾತು. ನನ್ನ ಆ ಎರಡು ಸಾಲಿಗೆ ಗುರುತಿಲ್ಲದ ನೂರಾರು ಮಂದಿ ನಗುವ ಮುಖ ಒತ್ತಿದ್ದರು. ನಿನ್ನ ಫೋಟೋಕ್ಕೆ ಬಿದ್ದ ಹೃದಯಗಳಿಗಿಂತ ಹೆಚ್ಚು. ಅದಕ್ಕೇನಾದರೂ ಹೊಟ್ಟೆಕಿಚ್ಚೇ?

ತೊಂದರೆ ಆಗಿರುವುದು ಅಜ್ಜಿಗೆ. ಅವಳ ಕಣ್ಣಿಗೆ ಈಗ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣದು. ಪ್ರತಿ ಭಾನುವಾರ ನಿನ್ನ ಫೋಟೋ ತೆರೆದು ನಾನು ಓದಿ ಹೇಳುತ್ತಿದ್ದೆ, ಪತ್ರಿಕೆ ಓದಿದ ಹಾಗೆ. ಏನು ಉಟ್ಟಿದಾಳೆ, ಕೂದಲು ಎಷ್ಟುದ್ದ, ಮುಖದಲ್ಲಿ ಗೆಲುವಿದೆಯಾ ಎಂದು ಅವಳು ಕೇಳುತ್ತಿದ್ದಳು. ಈ ಭಾನುವಾರ ಏನು ಓದಲಿ?

ಮುಚ್ಚಿದ ಬಾಗಿಲ ಹೊರಗೆ ಚಳಿಯಲ್ಲಿ ನಿಂತಿರುವ
ನಿನ್ನ ಮಾವ,
ಹಾಲ್ವರ್


ಬೆರ್ಗೆನ್, ಫೆಬ್ರವರಿ 20

ಮಾವ,

ನಮ್ಮ ಮನೆಯ ಬಾಗಿಲು ನೆಟ್ಟಗೇ ಇದೆ. ಯಾವ ಬಡಗಿಯೂ ಕುಡಿದಿರಲಿಲ್ಲ. ಅಷ್ಟು ಜನ ನಕ್ಕಿದ್ದು ಬಡಗಿಯನ್ನು ನೋಡಿ ಅಲ್ಲ. ಓದಿದವರಿಗೆಲ್ಲ ಅರ್ಥವಾಯಿತು, ನಿನ್ನೊಬ್ಬನನ್ನು ಬಿಟ್ಟು. ಇದಕ್ಕಿಂತ ಬಿಡಿಸಿ ಹೇಳು ಎನ್ನಬೇಡ.

ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವವರು ಈಗ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ನಿಂತು, ಚೌಕಟ್ಟು ತಟ್ಟಿ, "ಇದು ಗಟ್ಟಿ ಇದೆ ತಾನೇ ಈದುನ್?" ಎನ್ನುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ. ದಿನವಿಡೀ ನಕ್ಕು ಮನೆಗೆ ಬರುತ್ತೇನೆ.

ಇನ್ನು ಮೇಲೆ ನನ್ನ ಫೋಟೋ ಬಗ್ಗೆ ಎಲ್ಲೂ ಬರೆಯಬೇಡ. ಅಜ್ಜಿಗೆ ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ ಎಂದು ಹೇಳು. ಈ ಸಲವೂ ಮೇ ಹದಿನೇಳರ ರಾಷ್ಟ್ರದಿನದ ಹಬ್ಬಕ್ಕೆ ಬರಲಾಗುವುದಿಲ್ಲ. ಕೆಲಸವಿದೆ.

ಈದುನ್


ಸ್ಕಾರ್ವಿಕ, ಮಾರ್ಚ್ 8

ಮುನಿಸಿಕೊಂಡ ಮಗಳಿಗೆ,

ನಿನ್ನ ಪತ್ರ ಎರಡು ಸಲ ಓದಿದೆ. ಬಾಗಿಲು ನೆಟ್ಟಗಿದೆ, ಆದರೆ ಫೋಟೋದಲ್ಲಿ ಬಾಗಿದೆ. ಈ ಒಗಟು ಬಿಡಿಸುವುದು ನನ್ನ ಕೆಲಸವಲ್ಲ. ಫೋನು ತಯಾರಿಸಿದವರದೇ ಏನೋ ಐಬಿರಬೇಕು, ಬಿಡು. ನೀನು ನಗುವುದನ್ನು ಕಲಿ. ನಮ್ಮ ವಂಶದಲ್ಲಿ ನಗೆಗೆ ಅಂಜಿದವರಿಲ್ಲ.

ಈಗ ಸಂತೋಷದ ಸುದ್ದಿ. ಕೆಲಸ ಗಿಲಸ ಬದಿಗಿಟ್ಟು ಹಬ್ಬಕ್ಕೆ ನೀನು ಬಂದೇ ಬರುತ್ತೀಯ, ಯಾಕೆಂದರೆ ನಿನ್ನ ಬುನಾದ್ ತಯಾರಾಗಿದೆ. ಎರಡು ವರ್ಷದಿಂದ ಕರ್ಪೂರದ ವಾಸನೆ ಕುಡಿಯುತ್ತಾ ಪೆಟ್ಟಿಗೆಯಲ್ಲಿ ಮಲಗಿದ್ದ ಆ ಹಬ್ಬದ ಉಡುಪನ್ನು ಅಜ್ಜಿ ತೆಗೆಸಿದಳು. ಲಂಗಕ್ಕೆ ಏನೂ ಆಗಿಲ್ಲ, ಬೆಳ್ಳಿ ಕೊಂಡಿಗಳು ಸ್ವಲ್ಪ ಕಪ್ಪಾಗಿದ್ದವು, ಉಜ್ಜಿದೆ. ಕೆಂಪು ಕುಪ್ಪಸ ಮಾತ್ರ ಅಜ್ಜಿ ಮಡಿಲಲ್ಲಿಟ್ಟುಕೊಂಡು ಬೆರಳಾಡಿಸುತ್ತಾ ಕೂತಳು. ನಿನ್ನ ಅಮ್ಮ ಮಾರಿತ್ ಎರಡು ಚಳಿಗಾಲ ಕೂತು ಕಸೂತಿ ಹಾಕಿದ ಕುಪ್ಪಸ. "ಈಗ ಅವಳ ಅಳತೆ ಏನೋ ಹಾಲ್ವರ್? ಇದು ಹದಿನೈದರಲ್ಲಿ ತೆಗೆದ ಅಳತೆ. ಬಿಚ್ಚಿ ದೊಡ್ಡದು ಮಾಡ್ಬೇಕೇನೋ" ಎಂದಳು.

ನಿನ್ನನ್ನು ಕೇಳೋಣವೆಂದರೆ ನೀನು ಬಾಗಿಲು ಹಾಕಿಕೊಂಡಿದ್ದೀಯ. ಆದರೆ ನಿನ್ನ ಮಾವ ಯಾರು? ಹಸಿರು ಲಂಗದ ಫೋಟೋ ನನ್ನ ಫೋನಿನಲ್ಲಿ ಉಳಿಸಿಕೊಂಡಿದ್ದೆ. ಬಾಗಿಲುಗಳ ಅಗಲ ನನಗೆ ಬಾಯಿಪಾಠ. ಬಾಗಿಲು ಇಷ್ಟಾದರೆ ಸೊಂಟ ಎಷ್ಟು ಎಂದು ಊರ ಶಾಲೆಯಲ್ಲಿ ಕಲಿತ ತ್ರೈರಾಶಿ ಹಾಕಿ, ಅಡ್ಡಪಟ್ಟಿ ಹಿಡಿದು ಲೆಕ್ಕ ತೆಗೆದೆ. ಕೊಲ್ಲಿಯ ಆಚೆ ದಂಡೆಯ ಕುರಿಯ ತೂಕವನ್ನು ಇಲ್ಲಿಂದಲೇ ಹೇಳುವ ಕಣ್ಣು ಇದು. ಲೆಕ್ಕ ಕೇಳಿ ಅಜ್ಜಿ ಗಾಬರಿಯಾದಳು.

"ಅಷ್ಟು ಸಣ್ಣನಾ? ಕಾಯಿಲೆ ಏನಾದ್ರೂ..."

"ಕಾಯಿಲೆ ಅಲ್ಲ ಅವ್ವ, ಫ್ಯಾಷನ್ನು."

"ಸರಿಯಾಗಿ ಅಳೆದ್ಯಾ?"

"ನಾನು ಅಳೆದದ್ದು ಯಾವತ್ತಾದ್ರೂ ತಪ್ಪಿದೆಯಾ?"

ಆಮೇಲೆ ಸ್ವಲ್ಪ ಜಗಳವಾಯಿತು. ನೀನು ಬೆಳೆದ ಹಾಗೆಲ್ಲ ಬಿಚ್ಚಿಕೊಳ್ಳಲಿ ಎಂದು ಮಾರಿತ್ ಎರಡೂ ಕಂಕುಳ ಕೆಳಗಿನ ಹೊಲಿಗೆಯೊಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದಳು. ಇನ್ನೂ ಒಳಗೆ ತಗೊಂಡರೆ ಆ ಮಡಿಕೆ ಹಗ್ಗದ ಹಾಗೆ ಉಬ್ಬುತ್ತದೆ. ಮೆರವಣಿಗೆಯಲ್ಲಿ ಆಸ್ಲೌಗ್ ಒಬ್ಬೊಬ್ಬರ ಕಾಲುಚೀಲದಿಂದ ಹಿಡಿದು ಎದೆಯ ಬೆಳ್ಳಿ ಪಿನ್ನಿನವರೆಗೆ ತಪಾಸಣೆ ಮಾಡುವುದು ನಿನಗೆ ಗೊತ್ತೇ ಇದೆ. ಬುನಾದ್ ಪೊಲೀಸ್ ಎಂದು ಸುಮ್ಮನೆ ಹೆಸರು ಬಂದಿಲ್ಲ. "ಕತ್ತರಿಸಿಬಿಡು ಅವ್ವ" ಎಂದೆ. ಅಜ್ಜಿ ಕತ್ತರಿಯನ್ನು ಮೇಜಿನ ಮೇಲಿಟ್ಟಳು. "ಅದು ಮಾರಿತ್ ಬಿಟ್ಟ ಬಟ್ಟೆ. ನಾನು ಮುಟ್ಟಲ್ಲ. ನಿನಗೆ ಅಷ್ಟು ಧೈರ್ಯ ಇದ್ರೆ ನೀನೇ ಕತ್ತರಿಸು."

ಧೈರ್ಯಕ್ಕೆ ನನ್ನಲ್ಲಿ ಎಂದಾದರೂ ಬರ ಬಂದಿದೆಯೇ? ಒಂದೇ ಉಸಿರಿಗೆ, ನೂಲು ಹಿಡಿದಂತೆ ನೇರವಾಗಿ ಕತ್ತರಿಸಿದೆ. ಆಮೇಲೆ ಅಜ್ಜಿ ಕೈಯಂದಾಜಿನಲ್ಲೇ ಹೊಲಿದಳು, ಒಂದು ಮಾತೂ ಆಡಲಿಲ್ಲ. ಕತ್ತರಿಸಿದ ಪಟ್ಟಿಗಳೂ ವ್ಯರ್ಥವಾಗಲಿಲ್ಲ. ದೋಣಿಯ ಹುಟ್ಟು ಕಿರುಗುಟ್ಟುತ್ತಿತ್ತಲ್ಲ, ಅದಕ್ಕೆ ಸುತ್ತಿ ಡಾಂಬರು ಬಳಿದೆ. ಈಗ ಈ ಕೊಲ್ಲಿಯಲ್ಲಿ ನನ್ನಷ್ಟು ಸದ್ದಿಲ್ಲದೆ ದೋಣಿ ನಡೆಸುವವನಿಲ್ಲ.

ಪೊಟ್ಟಣ ಬೇರೆ ಕಳಿಸಿದ್ದೇನೆ. ಹಾಕಿಕೊಂಡು ನೋಡು. ಅಜ್ಜಿಗೆ ಎರಡು ಸಾಲು ಬರೆ.

ಬಡಗಿ, ದರ್ಜಿ, ಗಣಿತಜ್ಞ,
ನಿನ್ನ ಮಾವ ಹಾಲ್ವರ್


ಬೆರ್ಗೆನ್, ಮಾರ್ಚ್ 24

ಮಾವ,

ಪೊಟ್ಟಣ ಬಂತು. ಕುಪ್ಪಸ ಸರಿಯಾಗಿ ಕೂತಿದೆ. ಅಜ್ಜಿಗೆ ನನ್ನ ಮುತ್ತು ಕೊಡು, ಹೊಲಿಗೆ ಚೆನ್ನಾಗಿದೆ ಎಂದು ಹೇಳು. ಹಾಕಿಕೊಂಡು ತೆಗೆದ ಫೋಟೋ ಅಚ್ಚು ಹಾಕಿಸಿ ಇದರೊಳಗೆ ಇಟ್ಟಿದ್ದೇನೆ. ಅಜ್ಜಿಗೆ ಸ್ವಲ್ಪ ದೂರದಿಂದ ತೋರಿಸಿದರೆ ಸಾಕು.

ಹಬ್ಬಕ್ಕೆ ಬರಲು ಪ್ರಯತ್ನಿಸಿದೆ, ರಜೆ ಸಿಗಲಿಲ್ಲ.

ಹುಟ್ಟಿಗೆ ಸುತ್ತಿದ ಆ ಪಟ್ಟಿಗಳು ಇನ್ನೂ ಇವೆಯೇ? ಏನಿಲ್ಲ, ಸುಮ್ಮನೆ ಕೇಳಿದೆ.

ಈದುನ್


ಸ್ಕಾರ್ವಿಕ, ಏಪ್ರಿಲ್ 10

ಈದುನ್,

ನಿನ್ನ ಫೋಟೋ ಬಂದ ದಿನ ನಾನು ಊರೆಲ್ಲ ಮೆರೆದೆ. ಎದೆಯ ಮೇಲೆ ಬೆಳ್ಳಿ ಕೊಂಡಿಗಳು ಒಂದಕ್ಕೊಂದು ಕಚ್ಚಿಕೊಂಡು, ಸೊಂಟ ಹೂಜಿಯ ಕತ್ತಿನ ಹಾಗೆ. ತ್ರೈರಾಶಿಗೆ ಜಯವಾಗಲಿ ಎಂದುಕೊಂಡೆ. ಅಜ್ಜಿಯ ಮುಂದೆ ಹಿಡಿದು ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ:

"ಎಡಗಡೆ, ಎದೆಯ ಕೆಳಗೆ, ಸೊಟ್ಟ ಎಲೆ ಕಾಣ್ತದಾ?"

ಆ ಎಲೆಯ ಕಥೆ ನಿನಗೆ ಗೊತ್ತು. ಮಾರಿತ್ ಕಸೂತಿ ಹಾಕುವಾಗ ನಾನು ಪಕ್ಕದಲ್ಲಿ ಕೂತು ಪಾದ್ರಿ ಮತ್ತು ಟಗರಿನ ಕಥೆ ಹೇಳಿದೆ. ಅವಳು ನಕ್ಕು ನಕ್ಕು ಸೂಜಿ ಚುಚ್ಚಿಕೊಂಡಳು, ಎಲೆ ಒಂದು ಕಡೆಗೆ ವಾಲಿಬಿಟ್ಟಿತು. ಬಿಚ್ಚು ಎಂದು ಅಜ್ಜಿ ಗದರಿಸಿದರೆ, "ಬಿಚ್ಚಲ್ಲ ಅವ್ವ. ನನ್ನ ಮಗಳು ಯಾಕೆ ಸೊಟ್ಟ ಅಂತ ಕೇಳ್ಲಿ. ಅವಳ ಮಾವ ಎಂಥ ಹುಚ್ಚ ಅಂತ ಹೇಳ್ತೀನಿ" ಎಂದಳು. ಹಾಗಾಗಿ ಆ ಎಲೆ ಅರ್ಧ ನನ್ನದು.

ಹುಡುಕಿದೆ. ಕಾಣಲಿಲ್ಲ. ಆದರೂ "ಕಾಣ್ತದೆ ಅವ್ವ" ಎಂದುಬಿಟ್ಟೆ. ಯಾಕೆ ಸುಳ್ಳು ಹೇಳಿದೆ ಎಂದು ಆಗ ನನಗೇ ತಿಳಿಯಲಿಲ್ಲ.

ಫೋಟೋ ತಗೊಂಡು ಆಸ್ಲೌಗ್‌ಳ ಅಂಗಡಿಗೆ ಹೋದೆ. ಅವಳ ದೀಪ ಒಳ್ಳೆಯದು, ಜೊತೆಗೆ ಒಂದಿಷ್ಟು ಜಂಬವನ್ನೂ ಕೊಚ್ಚಿಕೊಳ್ಳಬಹುದಲ್ಲ. "ನೋಡು ನನ್ನ ಅಳತೆ!" ಎಂದು ಗಲ್ಲಾದ ಮೇಲೆ ಇಟ್ಟೆ. ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಬೇರೆಯವರಿಗೆ ಕೇಳದ ಹಾಗೆ, ಮೆಲ್ಲಗೆ ಅಂದಳು:

"ಹಾಲ್ವರ್, ಎಡಕ್ಕೂ ಬಲಕ್ಕೂ ಒಂದೇ ಎಲೆ. ಬಲಗಡೆದನ್ನ ತಿರುಗಿಸಿ ಎಡಗಡೆ ಅಂಟಿಸಿದಾಳೆ. ಇದು ಹಾಕ್ಕೊಂಡ ಕುಪ್ಪಸ ಅಲ್ಲಪ್ಪ, ಮಾಡಿದ್ದು. ಆ ಬಾಗಿಲಿನ ಹಾಗೇ."

"ಬಾಗಿಲಿನ ಹಾಗೆ ಅಂದ್ರೆ?"

"ನಿನಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ? ಸೊಂಟ ಒಳಗೆ ತಳ್ಳಿದ್ರೆ ಹಿಂದಿನ ಬಾಗಿಲೂ ಜೊತೆಗೆ ಬಾಗ್ತದೆ. ಊರಿಗೆ ಊರೇ ನಕ್ಕಿದ್ದು ಅದಕ್ಕೆ. ಡಂಗುರ ಹೊಡೆದೋನು ನೀನು."

ನಾನು ನಂಬಲಿಲ್ಲ. ಅವಳು ಫೋನು ತೆಗೆದು ನನ್ನ ಮುಖದ ಒಂದು ಫೋಟೋ ಹೊಡೆದಳು. ಅಲ್ಲಿ ಇಲ್ಲಿ ಬೆರಳು ಆಡಿಸಿ ನನ್ನ ಮುಂದೆ ಹಿಡಿದಳು. ಬೋಳು ತಲೆಯ ತುಂಬ ಕೂದಲು, ಗಲ್ಲ ಒಂದೇ ಒಂದು, ಕಣ್ಣ ಕೆಳಗಿನ ಚೀಲ ಮಾಯ. ಮೂವತ್ತರ ಹರೆಯದ ಹಾಲ್ವರ್. ಎಷ್ಟು ಹೊತ್ತು ನೋಡುತ್ತಾ ನಿಂತೆನೋ. "ಥೂ, ಅಳಿಸು ಅದನ್ನ" ಎಂದೆ. ಅವಳು ಅಳಿಸಲು ಹೊರಟಾಗ, "ತಡಿ, ಇನ್ನೊಂದ್ಸಲ ತೋರ್ಸು" ಎಂದೂ ನಾನೇ ಅಂದೆ. ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳುವುದಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಜೀವಮಾನವಿಡೀ ಆಡಿಕೊಂಡವನು ನಾನು. ಎತ್ತು, ಕೊಟ್ಟಿಗೆ ಎರಡೂ ನಾನೇ ಆದೆ. ಬಾಗಿದ ಬಾಗಿಲು ಹಿಡಿದು ಅಳತೆ ತೆಗೆದೆ. ಆ ಅಳತೆಗೆ ನನ್ನ ತಂಗಿ ಬಿಟ್ಟ ಬಟ್ಟೆ ಕತ್ತರಿಸಿದೆ. ಕುಡಿದಿದ್ದವನು ಬಡಗಿಯಲ್ಲ.

ದೋಣಿಗೆ ಹೋಗಿ ಪಟ್ಟಿಗಳನ್ನು ಬಿಚ್ಚಿ ತಂದೆ. ಡಾಂಬರು ಉಪ್ಪುನೀರು ತಿಂದು ಹಸಿ ಚರ್ಮದ ಹಾಗಾಗಿವೆ. ತೊಳೆದೆ, ಬಣ್ಣವೇ ಇಲ್ಲ. ನೀನು ಸುಮ್ಮನೆ ಕೇಳಿದ್ದೆ ಎಂದು ಬರೆದಿದ್ದೆ. ಸುಮ್ಮನೆ ಅಲ್ಲ ಎಂದು ಈಗ ತಿಳಿಯಿತು.

ಬೈಯಲು ಬರೆಯುತ್ತಿಲ್ಲ. ಬೈಯುವ ಮುಖ ನನಗಿಲ್ಲ. ಒಂದೇ ಕೇಳುತ್ತೇನೆ. ಕೊಂಡಿ ಹಾಕಲಾಗುತ್ತದೆಯೋ ಇಲ್ಲವೋ? ಅಷ್ಟು ಬರೆ.

ಹಾಲ್ವರ್


ಬೆರ್ಗೆನ್, ಏಪ್ರಿಲ್ 19

ಮಾವ,

ಆಗುವುದಿಲ್ಲ. ನಡುವೆ ಅಂಗೈ ಅಗಲ ಬಿಟ್ಟುಕೊಳ್ಳುತ್ತದೆ. ಉಸಿರು ಬಿಗಿ ಹಿಡಿದರೂ ಕೊಂಡಿಗಳು ಒಂದನ್ನೊಂದು ನೋಡುತ್ತವೆಯೇ ಹೊರತು ಮುಟ್ಟುವುದಿಲ್ಲ. ಬೂಟಿನ ದಾರ ಹಾಕಿ ಎಳೆದೆ. ಹೊಲಿಗೆಯ ಹತ್ತಿರ ಬಟ್ಟೆ ಅರಚಿದ ಹಾಗಾಯಿತು, ಹೆದರಿ ಬಿಟ್ಟೆ. ಅಡುಗೆಮನೆಯ ನೆಲದ ಮೇಲೆ ಕೂತು, ನಿನ್ನ ಪತ್ರದ ತಮಾಷೆಯೆಲ್ಲ ಮತ್ತೆ ಓದಿದೆ. ನಿನ್ನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ನೀನು ಅಳೆದದ್ದು ನಾನು ಕೊಟ್ಟ ಸೊಂಟವನ್ನೇ ಅಲ್ಲವೇ? ಸಿಟ್ಟು ಬರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತು ಆ ಫೋಟೋ ಮಾಡಿದೆ. ಅಜ್ಜಿಗೆ ಬೇಸರವಾಗಬಾರದು ಎಂದು ಮಾಡಿದೆ ಅಂತ ಬರೆಯಬಹುದು. ಆದರೆ ಅದನ್ನು ಫೋನಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದೆನಲ್ಲ, ಅದು ಯಾವ ಅಜ್ಜಿಗಾಗಿ? "ಅಮ್ಮನ ಕೈಯ ಕಸೂತಿ" ಎಂದು ಕೆಳಗೆ ಬರೆದೆ. ನಾನು ಹಾಕಿದ ಯಾವ ಫೋಟೋಕ್ಕೂ ಅಷ್ಟು ಹೃದಯಗಳು ಬಿದ್ದಿರಲಿಲ್ಲ. ಒಬ್ಬಳು "ನಿಮ್ಮ ಅಮ್ಮನ ಕೈಯಲ್ಲಿ ಒಂದು ತಪ್ಪೂ ಇಲ್ಲ" ಎಂದು ಬರೆದಿದ್ದಾಳೆ. ಸೊಟ್ಟ ಎಲೆ ಅಳಿಸಿದವಳು ನಾನು, ಹೊಗಳಿಕೆ ಅಮ್ಮನಿಗೆ. ಆದರೂ ಓದುವುದನ್ನು ನಿಲ್ಲಿಸಲಿಲ್ಲ.

ನಿನಗೆ ಒಂದು ವಿಷಯ ಹೇಳಬೇಕು. ಕಳೆದ ಶರತ್ಕಾಲದಲ್ಲಿ ಒಬ್ಬ ಹುಡುಗ ನನ್ನ ಫೋಟೋಗಳನ್ನು ನೋಡಿ ಮಾತಾಡಲು ಶುರುಮಾಡಿದ. ಒಳ್ಳೆಯವನೇ. ಬಂದರಿನ ಹತ್ತಿರದ ಕಾಫಿ ಅಂಗಡಿಯಲ್ಲಿ ಭೇಟಿಯಾಗೋಣ ಎಂದ. ನಾನು ಹೋದೆ. ಅವನು ಕಿಟಕಿಯ ಪಕ್ಕ ಕೂತು ಬಾಗಿಲನ್ನೇ ನೋಡುತ್ತಿದ್ದ. ಒಳಗೆ ಬಂದ ನನ್ನ ಮುಖ ನೋಡಿದ. ಸರಿಯಾಗಿ ಮುಖವನ್ನೇ ನೋಡಿದ ಮಾವ. ಆಮೇಲೆ ನನ್ನ ಹಿಂದೆ ಇಣುಕಿ, ನಾನು ಬರುವುದನ್ನೇ ಕಾಯುತ್ತಾ ಕೂತ. ನಾನು ಒಂದು ಬನ್ನು ಕಟ್ಟಿಸಿಕೊಂಡು ಹೊರಗೆ ಬಂದೆ. ಅವನ ಸಂದೇಶ ಬಂತು: "ಎಲ್ಲಿದ್ದೀ?"

ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸುವ ಬದಲು ಇನ್ನೂ ಹೆಚ್ಚು ತಿದ್ದಿದೆ.

ಹಬ್ಬಕ್ಕೆ ಯಾಕೆ ಬರುತ್ತಿಲ್ಲ ಎಂದರೆ ರಜೆಯ ಮಾತು ಸುಳ್ಳು. ಊರವರು ನಗುತ್ತಾರೆ ಎಂದೂ ಅಲ್ಲ, ನಗಲಿ. ಅಜ್ಜಿ ಈಗ ಕಣ್ಣಿನಿಂದ ನೋಡುವುದಿಲ್ಲ, ಕೈಯಿಂದ ನೋಡುತ್ತಾಳೆ. ಬಂದ ಕೂಡಲೇ ಎರಡೂ ಕೈಯಲ್ಲಿ ನನ್ನ ಸೊಂಟ ಹಿಡಿಯುತ್ತಾಳೆ. ಕೈಗೆ ತೋರಿಸಲು ನನ್ನ ಹತ್ತಿರ ಬೇರೆ ಫೋಟೋ ಇಲ್ಲ.

ಅವಳಿಗೆ ಇದನ್ನು ಹೇಳಬೇಡ. ಹೇಳಲೇಬೇಕಾದರೆ ನಾನು ಇಲ್ಲದಾಗ ಹೇಳು.

ಈದುನ್


ಸ್ಕಾರ್ವಿಕ, ಏಪ್ರಿಲ್ 28

ನನ್ನ ಮಗಳೇ,

ನೀನಿಲ್ಲದಾಗ ಹೇಳು ಎಂದೆ. ಹೇಳಿದೆ. ಕುರಿಗಳು ಮರಿ ಹಾಕುವ ಕಾಲ, ಎರಡು ದಿನ ಕೊಟ್ಟಿಗೆಯಲ್ಲೇ ಅವಿತುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಅಜ್ಜಿಯ ಮುಂದೆ ಟೋಪಿ ತೆಗೆದು ನಿಂತೆ. ನಿನ್ನ ಪತ್ರವನ್ನು ಓದಲಿಲ್ಲ, ನನ್ನ ಮಾತಲ್ಲೇ ಹೇಳಿದೆ. ನನ್ನ ತಪ್ಪನ್ನು ಮೊದಲು ಹೇಳಿದೆ. ಅವಳು ಕೇಳಿಸಿಕೊಂಡಳು.

"ಅಂದ್ರೆ ಮಗು ಸಣ್ಣ ಆಗಿಲ್ವಾ?"

"ಇಲ್ಲ ಅವ್ವ."

"ಮೈಕೈ ತುಂಬ್ಕೊಂಡಿದಾಳಾ?"

"ಇದ್ದಾಳೆ ಅವ್ವ."

ಅವಳು ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು ಈದುನ್. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ, ಇದಕ್ಕಲ್ಲ.

"ಮಾರಿತ್‌ಗೂ ಕಾಯಿಲೆ ಬಂದಾಗ ಹೀಗೇ ಆಯ್ತಲ್ಲೋ. ಮೊದ್ಲು ಸೊಂಟ ಇಳೀತು. ನಾನೇ ಅಲ್ವೇನೋ ಅವಳ ಲಂಗ ಒಳಗೆ ತಗೊಂಡು ತಗೊಂಡು ಹೊಲಿದಿದ್ದು. ನೀನು ಬಂದು ಅಳತೆ ಹೇಳಿದ ದಿನದಿಂದ ನನಗೆ ನಿದ್ದೆ ಇಲ್ಲ. ಹುಡುಗಿಗೂ ಅದೇ ಬಂದಿದೆ, ಇಬ್ಬರೂ ಸೇರಿ ನನ್ನಿಂದ ಮುಚ್ಚಿಡ್ತಾ ಇದಾರೆ ಅಂದ್ಕೊಂಡಿದ್ದೆ."

ನೋಡು, ನೀನು ಚೆಂದ ಕಾಣಲೆಂದು ಒಳಗೆ ತಳ್ಳಿದ್ದನ್ನು ನಾನು ಹೆಮ್ಮೆಯಿಂದ ಓದಿ ಹೇಳಿದೆ. ಕುರುಡಿ ಮುದುಕಿ ಅದರಲ್ಲಿ ಸಾವು ಕಂಡಳು. ಅವಳು ಕೈಯಂದಾಜಿನಲ್ಲಿ ಮಾತಿಲ್ಲದೆ ಹೊಲಿಯುತ್ತಿದ್ದಾಗ ನನ್ನ ಮೇಲೆ ಕೋಪ ಎಂದುಕೊಂಡಿದ್ದೆ. ನಾವಿಬ್ಬರೂ ಎಂಥ ಜನ!

ಅತ್ತು ಮುಗಿದ ಮೇಲೆ ಬೈಗುಳ ಬಂತು, ಬಡ್ಡಿ ಸಮೇತ. ಟೇಪಿನಲ್ಲೇ ಎರಡು ಬಿಟ್ಟಳು. "ಬಾಗಿಲು ಅಳೆಯೋ ಮುಂಡೇದೇ, ಹೆಣ್ಣುಮಕ್ಕಳನ್ನ ಬಾಗಿಲ ಲೆಕ್ಕದಲ್ಲಿ ಅಳೀತಾರೇನೋ?" ನಿನಗೂ ಒಂದು ಪಾಲು ಇತ್ತು. ಅದನ್ನು ನೀನು ಬಂದ ಮೇಲೆ ಅವಳೇ ಕೊಡುತ್ತಾಳೆ.

ಈಗ ಕುಪ್ಪಸದ ಮಾತು. ಎರಡೂ ಕಂಕುಳ ಕೆಳಗೆ ಪಟ್ಟಿ ಕೂಡಿಸಬೇಕು. ಆ ಕೆಂಪು ನೇಯುವ ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು, ಬೇರೆ ಕೆಂಪು ಹಾಕಿದರೆ ಆಸ್ಲೌಗ್ ದೋಣಿಕಟ್ಟೆಯಲ್ಲೇ ಬಂಧಿಸುತ್ತಾಳೆ. ಆದರೆ ಅದೇ ಥಾನಿನ ಬಟ್ಟೆ ಈ ಲೋಕದಲ್ಲಿ ಇನ್ನೊಂದು ಕಡೆ ಇದೆ. ನನ್ನ ಬೆನ್ನ ಮೇಲೆ. ಎಲ್ಲ ಗಂಡಸರ ಹಬ್ಬದ ವೇಸ್ಟ್‌ಕೋಟಿಗೂ ಎದುರಿಗೆ ಉಣ್ಣೆ, ಬೆನ್ನಿಗೆ ಬಡ ಹತ್ತಿ. ಕೋಟಿನೊಳಗೆ ಯಾರು ನೋಡುತ್ತಾರೆ? ನಾನು ಮಾತ್ರ ಹಟ ಮಾಡಿ ಬೆನ್ನಿಗೂ ಕೆಂಪು ಉಣ್ಣೆಯನ್ನೇ ಹಾಕಿಸಿಕೊಂಡಿದ್ದೆ. ಕೋಟು ಬಿಚ್ಚಿ ಕುಣಿಯುವಾಗ ಹಿಂದಿನವರೂ ನೋಡಲಿ ಎಂದು. ಮಾರಿತ್ ಎಷ್ಟು ನಕ್ಕಿದ್ದಳೋ. ಆಮೇಲೆ ಅದೇ ಥಾನಿನಿಂದ ನಿನ್ನ ಕುಪ್ಪಸ ಕತ್ತರಿಸಿದಳು.

ನಿನ್ನೆ ಆ ಬೆನ್ನನ್ನು ಬಿಚ್ಚಿದೆ. ಈ ಸಲ ಕತ್ತರಿ ಹಿಡಿದಿದ್ದು ಅಜ್ಜಿ, ನಾನು ಬಟ್ಟೆ ಹಿಡಿದು ಕೂತಿದ್ದೆ. ನನ್ನ ಬೆನ್ನಿಗೆ ಏನು? ಜೋಳಿಗೆಯ ಬಟ್ಟೆ ಹಾಕುತ್ತಾಳಂತೆ. ಬಿಸಿಲಿದ್ದರೂ ಕೋಟು ಬಿಚ್ಚುವ ಹಾಗಿಲ್ಲ. ಆದರೆ ನೀನು ನನ್ನ ಪಕ್ಕ ನಡೆಯುವುದಾದರೆ ಬಿಚ್ಚುತ್ತೇನೆ. ಊರು ನನ್ನ ಬೆನ್ನು ನೋಡಿ ನಗುತ್ತಿದ್ದರೆ ನಿನ್ನ ಹೊಲಿಗೆಯನ್ನು ನೋಡಲು ಯಾರಿಗೆ ಪುರುಸೊತ್ತು?

ಪಟ್ಟಿ ಎಷ್ಟು ಅಗಲ ಎಂದು ಮಾತ್ರ ಗೊತ್ತಿಲ್ಲ. ನಾನು ಅಂದಾಜು ಹೇಳಲು ಬಾಯಿ ತೆರೆದೆ, ಅಜ್ಜಿ ಟೇಪು ಎತ್ತಿದಳು. ಮುಚ್ಚಿಕೊಂಡೆ. ಅವಳು ಹೇಳಿ ಬರೆಸಿದ್ದು ಇದು: ಫೋಟೋ ಬೇಡ. ಅಂಕಿಯೂ ಬೇಡ, ಅಂಕಿಯನ್ನು ನಿನ್ನ ಮಾವ ಓದಿ ಹೇಳಬೇಕಾಗುತ್ತದೆ. ಒಂದು ದಾರ ತಗೊಂಡು ಎದೆಯ ಕೆಳಗೆ ಸುತ್ತಿ, ತುದಿ ಸೇರುವಲ್ಲಿ ಗಂಟು ಹಾಕಿ, ಕತ್ತರಿಸಿ ಕಳಿಸು. ನಾನು ಕೈಯಲ್ಲಿ ಓದಿಕೊಳ್ಳುತ್ತೇನೆ.

"ಉಸಿರು ಎಳ್ಕೊಂಡು ಅಳೀಬೇಡ ಅಂತ ಬರಿ. ಎಲ್ಲರೂ ಎಳ್ಕೊತಾರೆ. ನನ್ನ ಮದುವೇಲಿ ನಾನೂ ಎಳ್ಕೊಂಡಿದ್ದೆ. ಊಟಕ್ಕೆ ಕೂತಾಗ ಬೆನ್ನ ಹೊಲಿಗೆ ಬಿಚ್ಚಿ, ಎದ್ದೇಳೋ ತನಕ ನಿಮ್ಮಪ್ಪ ಹಿಂದೆ ಕೈ ಅಡ್ಡ ಇಟ್ಕೊಂಡು ಕೂತಿದ್ರು."

ಅಪ್ಪನ ಆ ಕೈಯ ಕಥೆ ನನಗೂ ಇಷ್ಟು ದಿನ ಗೊತ್ತಿರಲಿಲ್ಲ.

ಬೆನ್ನಿಲ್ಲದ,
ನಿನ್ನ ಮಾವ ಹಾಲ್ವರ್


ಬೆರ್ಗೆನ್, ಮೇ 5

ಮಾವ,

ಕುಪ್ಪಸ ಪೊಟ್ಟಣದಲ್ಲಿ ಬರುತ್ತದೆ. ಹದಿನಾರನೆಯ ತಾರೀಖು ಸಂಜೆಯ ದೋಣಿಗೆ ನಾನು ಬರುತ್ತೇನೆ.

ಆ ಫೋಟೋ ಫೋನಿನಲ್ಲಿ ಇನ್ನೂ ಇದೆ. ತೆಗೆಯಬೇಕು ಎಂದು ದಿನವೂ ತೆರೆಯುತ್ತೇನೆ, ಎಷ್ಟು ಹೃದಯ ಹೆಚ್ಚಾಯಿತು ಎಂದು ನೋಡಿ ಮುಚ್ಚುತ್ತೇನೆ. ತೆಗೆದೆ ಎಂದು ನಿನಗೆ ಸುಳ್ಳು ಬರೆಯುವುದಿಲ್ಲ. ನಿನಗೆ ಹಾಕಿದ ಬಾಗಿಲನ್ನೂ ತೆರೆದಿಲ್ಲ. ಮೆರವಣಿಗೆಯಲ್ಲಿ ನಿನ್ನ ಬೆನ್ನು ನೋಡಿದ ಮೇಲೆ ಯೋಚಿಸುತ್ತೇನೆ.

ಇದರೊಳಗೆ ದಾರ ಇದೆ, ಅಜ್ಜಿಯ ಕೈಗೇ ಕೊಡು. ಮೊದಲು ಅಳೆದಾಗ ಉಸಿರು ಎಳೆದುಕೊಂಡಿದ್ದೆ. ಅದನ್ನೇ ಕತ್ತರಿಸಿ, ಲಕೋಟೆಗೆ ಹಾಕಿ, ಅಂಚೆ ಡಬ್ಬಿಯವರೆಗೂ ಹೋಗಿದ್ದೆ. ಡಬ್ಬಿಯ ಬಾಯಿಯೊಳಗೆ ಅರ್ಧ ತಳ್ಳಿದವಳು ವಾಪಸು ಎಳೆದುಕೊಂಡು ಮನೆಗೆ ಬಂದೆ.

ಇದು ಎರಡನೆಯ ದಾರ. ಗಂಟಿನವರೆಗೆ ಅಷ್ಟೂ ನಾನೇ.

ಈದುನ್